ಕಲ್ಲೂ ಕಾಗದವೂ

ಗೃಹಕೃತ್ಯದ ರಾಜ್ಯದಲ್ಲಿ ಯಜಮಾನನ ಆಜ್ಞೆ ನಡೆಯದಿರುವ ಸ್ಥಳವೆಂದರೆ ಅಡಿಗೆಯ ಮನೆ ಎಂದು ಹೇಳುವುದುಂಟು. ಈ ಮಾತು ಕೇಳುವುದಕ್ಕೆ ಇಂಪಾಗಿದೆಯೇ ಹೊರತು ನಿಜವಲ್ಲ. ನಡುಮನೆಯ ಕುರ್ಚಿ ಎಲ್ಲಿರಬೇಕು, ದೇವರ ಮಂಟಪ ಯಾವ ದಿಕ್ಕಿಗೆ ಮುಖ ಮಾಡಿರಬೇಕು ಎಂದು ನಾವು ಗಂಟೆಗಟ್ಟಲೆ ವಾದಿಸುತ್ತೇವೆ. ಮನೆಯ ಹೆಣ್ಣುಮಗಳು ದಿನಕ್ಕೆ ನಾಲ್ಕೈದು ಗಂಟೆಗಳ ಕಾಲ ಯಾವ ಕಟ್ಟೆಯ ಮುಂದೆ ನಿಲ್ಲುವಳೋ, ಅದು ಎಂತಹುದಾಗಿರಬೇಕೆಂಬುದನ್ನು ಮಾತ್ರ ಮೇಸ್ತ್ರಿಗೆ ಬಿಟ್ಟುಬಿಡುತ್ತೇವೆ. ಮೇಸ್ತ್ರಿಯ ತೀರ್ಪು ಎಂದೆಂದಿಗೂ ಒಂದೇ: ಕಲ್ಲು.

ನಮ್ಮ ಮನೆ 1994ರಲ್ಲಿ ಕಟ್ಟಿದುದು. ತಿಪಟೂರಿನ ಕಡೆಯ ಮನೆ. ಹಿತ್ತಿಲಲ್ಲಿ ತೆಂಗು, ಅಡಿಗೆಯ ಮನೆಯಲ್ಲಿ ಕಡಪ ಕಲ್ಲಿನ ಕಟ್ಟೆ. ಮೂವತ್ತು ವರ್ಷಗಳ ಸೇವೆಯ ತರುವಾಯ ಆ ಕಲ್ಲು ಪಾತ್ರೆ ತೊಳೆಯುವ ತೊಟ್ಟಿಯ ಬಳಿ ಸೀಳಿದೆ. ಬದಲಾಯಿಸದೆ ವಿಧಿಯಿಲ್ಲ. ಬೆಂಗಳೂರಿನಲ್ಲಿರುವ ಮಗನು, “ಕರಿಯ ಗ್ರಾನೈಟು ಹಾಕಿಸಿಬಿಡಿ ಅಪ್ಪ, ಮೂರು ತಲೆಮಾರು ಅದರ ಗೊಡವೆ ಇರುವುದಿಲ್ಲ” ಎಂದನು. ನಮ್ಮ ಮನೆಯಾಕೆ ಒಗ್ಗರಣೆಯ ಸೌಟನ್ನು ಕೆಳಗಿಡದೆಯೇ, “ನನಗೆ ಕಲ್ಲು ಬೇಡ. ಮಗಳ ಮನೆಯಲ್ಲಿರುವಂಥದು ಆಗಲಿ” ಎಂದಳು.

ಮಗಳಿರುವುದು ಇಂಗ್ಲೆಂಡಿನಲ್ಲಿ. ಅವಳ ಬಾಣಂತನಕ್ಕೆಂದು ಹೋಗಿ ನಾಲ್ಕು ತಿಂಗಳು ಅಲ್ಲಿದ್ದ ನಮ್ಮಾಕೆ ಅಡಿಗೆ ಮಾಡಿದುದು ಲ್ಯಾಮಿನೇಟು ಹೊದಿಸಿದ ಹಲಗೆಯ ಕಟ್ಟೆಯ ಮೇಲೆ. ಆ ದೇಶದಲ್ಲಿ ಅದು ಸರ್ವಸಾಮಾನ್ಯ. ನಮ್ಮಲ್ಲಿ ಅದೇ ಜಾತಿಯ ವಸ್ತುವನ್ನು ಸನ್‌ಮೈಕವೆಂದು ಕರೆದು ಕಪಾಟಿನ ಬಾಗಿಲಿಗೂ ಮೇಜಿಗೂ ಅಂಟಿಸುತ್ತೇವೆಯೇ ಹೊರತು, ಒಲೆಯ ಕಟ್ಟೆಗೆ ತರುವವರು ವಿರಳ. ಮಗನು ನಕ್ಕನು. ನಾನು ನಗಲಿಲ್ಲ. ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿ ಕಾಲ ಕಳೆದವನಿಗೆ ಪೂರ್ವಪಕ್ಷವನ್ನು ಪೂರ್ತಿ ಕೇಳದೆ ಸಿದ್ಧಾಂತವನ್ನು ಹೇಳುವ ಅಭ್ಯಾಸ ಇರುವುದಿಲ್ಲ. ಆದುದರಿಂದ ಎರಡು ಪಕ್ಷಗಳನ್ನೂ ವಿಚಾರಿಸತೊಡಗಿದೆನು.

ಮೊದಲು ಕಲ್ಲಿನ ಪಕ್ಷ. ಕನ್ನಡನಾಡು ಕಲ್ಲಿನ ಮೇಲೆ ಕುಳಿತಿರುವ ನಾಡು. ರಾಮನಗರದ ಬೆಟ್ಟಗಳ ಬಂಡೆ ಸುಮಾರು 250 ಕೋಟಿ ವರ್ಷಗಳ ಹಿಂದೆ ಹುಟ್ಟಿದುದೆಂದು ಭೂಗರ್ಭಶಾಸ್ತ್ರಜ್ಞರು ಗಣಿಸಿದ್ದಾರೆ. ಆ ಊರಿನ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಆ ಶಿಲೆಗೆ ನಾಮಕರಣವಾಗಿದೆ. ಇಳಕಲ್ಲಿನ ಕೆಂಪು ಕಲ್ಲು, ಚಾಮರಾಜನಗರದ ಕರಿಯ ಕಲ್ಲು, ದೇವನಹಳ್ಳಿಯ ಬಳಿಯ ಸಾದರಹಳ್ಳಿಯ ಬೂದುಬಣ್ಣದ ಕಲ್ಲು ಇವುಗಳಿಗೆ ದೇಶಾಂತರಗಳಲ್ಲಿಯೂ ಖ್ಯಾತಿಯುಂಟು. ನಮ್ಮ ಪಾಕಶಾಸ್ತ್ರವಾದರೋ ಕಲ್ಲಿನಿಂದಲೇ ಆರಂಭವಾಯಿತು. ವೈದಿಕ ಯಜ್ಞದ ಉಪಕರಣಗಳಲ್ಲಿ ದೃಷದ್, ಉಪಲಾ ಎಂಬ ಎರಡು ಅರೆಯುವ ಕಲ್ಲುಗಳಿದ್ದುವು; ನಮ್ಮ ಅಜ್ಜಿಯರ ಒರಳುಕಲ್ಲು, ಬೀಸುವ ಕಲ್ಲುಗಳು ಅವುಗಳದೇ ವಂಶದವು.

ಆದರೆ ಕಲ್ಲೆಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಗ್ರಾನೈಟಿನಲ್ಲಿರುವ ಸ್ಫಟಿಕಶಿಲೆಯ ಕಣಗಳನ್ನು ಉಕ್ಕಿನ ಚಾಕು ಗೀರಲಾರದು. ಹುಳಿ ಅದನ್ನು ಏನೂ ಮಾಡಲಾರದು. ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರವಾಗಿ ಅದರ ಮೇಲಿಡಬಹುದು. ಕಡಪ ಕಲ್ಲಾಗಲಿ ಶಹಾಬಾದಿನ ಹಾಸುಗಲ್ಲಾಗಲಿ ಸುಣ್ಣದ ಜಾತಿಯವು. ಹುಣಿಸೆಯ ರಸವೂ ನಿಂಬೆಯ ರಸವೂ ಸುಣ್ಣದೊಡನೆ ಸೇರಿ ಅದನ್ನು ಕ್ರಮೇಣ ಕರಗಿಸುತ್ತವೆ. ನಮ್ಮ ಕಟ್ಟೆಯ ಮೇಲೆ ಸಾರಿನ ಪಾತ್ರೆ ಇಡುತ್ತಿದ್ದ ಕಡೆಯಲ್ಲೆಲ್ಲ ಹೊಳಪು ಅಳಿದು ಬಿಳುಪು ಮೂಡಿದುದು ಈ ಕಾರಣದಿಂದಲೇ. ಹಳಬರು ಗೊಜ್ಜನ್ನು ಬಳಪದ ಕಲ್ಲಿನ ಮರಿಗೆಯಲ್ಲಿಡುತ್ತಿದ್ದರು. ಆ ಕಲ್ಲು ಹುಳಿಗೆ ಜಗ್ಗದೆಂಬುದು ಅವರಿಗೆ ರಸಾಯನಶಾಸ್ತ್ರವಿಲ್ಲದೆಯೇ ಗೊತ್ತಿತ್ತು.

ಇನ್ನು ಲ್ಯಾಮಿನೇಟಿನ ಪಕ್ಷ. ಇದರ ವೃತ್ತಾಂತ ನನಗೆ ಸೋಜಿಗವನ್ನು ತಂದಿತು. 1907ರಲ್ಲಿ ಲಿಯೋ ಬೇಕ್‌ಲೆಂಡ್ ಎಂಬ ವಿಜ್ಞಾನಿ ಬೇಕಲೈಟ್ ಎಂಬ ಕೃತಕ ರಾಳವನ್ನು ಕಂಡುಹಿಡಿದನು. ವಿದ್ಯುದ್ಯಂತಗಳಲ್ಲಿ ವಿದ್ಯುತ್ತನ್ನು ತಡೆಯುವುದಕ್ಕೆ ಆಗ ಅಭ್ರಕವನ್ನು, ಎಂದರೆ ಕಾಗೆಬಂಗಾರವನ್ನು, ಬಳಸುತ್ತಿದ್ದರು. 1912ರಲ್ಲಿ ಅಮೆರಿಕದ ಹರ್ಬರ್ಟ್ ಫೇಬರ್, ಡೇನಿಯಲ್ ಓಕಾನರ್ ಎಂಬಿಬ್ಬರು ಇಂಜಿನಿಯರುಗಳು ಪದರಗಳನ್ನು ಈ ರಾಳದಲ್ಲಿ ಅದ್ದಿ ಒತ್ತಿ ಗಟ್ಟಿಮಾಡಿ, ಅಭ್ರಕಕ್ಕೆ ಬದಲಾಗಿ ಬಳಸಬಹುದೆಂದು ತೋರಿಸಿದರು. ಇಂಗ್ಲಿಷಿನಲ್ಲಿ ಅಭ್ರಕಕ್ಕೆ ಮೈಕವೆಂದು ಹೆಸರು. “ಮೈಕಕ್ಕೆ ಬದಲು” ಎಂಬ ಅರ್ಥದಲ್ಲಿ ತಮ್ಮ ಪದಾರ್ಥವನ್ನು ಅವರು ಫಾರ್ಮೈಕವೆಂದು ಕರೆದರು. ಮೆಲಮೈನಿನ ರಾಳ ಬಂದ ಮೇಲೆ ಬಣ್ಣಬಣ್ಣದ ಹಾಳೆಗಳು ಸಾಧ್ಯವಾದುವು. ದ್ವಿತೀಯ ಮಹಾಯುದ್ಧದ ಅನಂತರ ಅವು ಪಾಶ್ಚಾತ್ಯರ ಅಡಿಗೆಯ ಮನೆಗಳನ್ನು ತುಂಬಿದುವು. ಇಲ್ಲಿನ ವಿನೋದವನ್ನು ವಾಚಕರು ಗಮನಿಸಬೇಕು: ಹೆಸರಿನಲ್ಲಿ ಮೈಕವಿರುವ ವಸ್ತುವಿನಲ್ಲಿ ಅಭ್ರಕವಿಲ್ಲ, ಹೆಸರಿನಲ್ಲಿ ಅದನ್ನು ಹೇಳಿಕೊಳ್ಳದ ಗ್ರಾನೈಟಿನಲ್ಲಿ ಅಭ್ರಕದ ಚೂರುಗಳು ಮಿನುಗುತ್ತಿರುತ್ತವೆ.

ಹಾಗಾದರೆ ಈ ವಸ್ತುವಿನಲ್ಲಿ ಇರುವುದೇನು? ಬಹುಪಾಲು ಕಾಗದ! ಕಂದುಬಣ್ಣದ ಒರಟು ಕಾಗದದ ಹಲವು ಹಾಳೆಗಳನ್ನು ರಾಳದಲ್ಲಿ ನೆನಸಿ, ಮೇಲೆ ಚಿತ್ರದ ಹಾಳೆಯೊಂದನ್ನಿಟ್ಟು, ಸುಮಾರು 140 ಡಿಗ್ರಿ ಸೆಂಟಿಗ್ರೇಡಿನ ಕಾವಿನಲ್ಲಿ ಭಾರಿಯ ಒತ್ತಡ ಕೊಟ್ಟು ಬೇಯಿಸಿದರೆ, ಒಂದು ಮಿಲಿಮೀಟರಿನಷ್ಟು ತೆಳುವಾದ ಗಟ್ಟಿಯ ತಗಡು ದೊರೆಯುತ್ತದೆ. ಅದನ್ನು ಹಲಗೆಯ ಮೇಲೆ ಅಂಟಿಸುತ್ತಾರೆ. ಜೀವಮಾನವೆಲ್ಲ ಕಾಗದದ ಮೇಲೆ ಕೆಂಪು ಶಾಯಿ ಸುರಿಸಿದ ನನಗೆ, ಕಾಗದವು ಹೀಗೆ ಕಲ್ಲಿಗೆ ಎದುರಾಳಿಯಾಗಿ ನಿಂತುದನ್ನು ಕಂಡು ಒಳಗೊಳಗೇ ಸಂತೋಷವಾಯಿತೆಂದು ಹೇಳಿದರೆ ತಪ್ಪಲ್ಲ.

ಇದರ ಗುಣಗಳನ್ನು ನಮ್ಮಾಕೆ ಒಂದೊಂದಾಗಿ ಎಣಿಸಿದಳು. ಮೊದಲನೆಯದು, ತಣ್ಣಗಿರುವುದಿಲ್ಲ. ಮಾರ್ಗಶಿರದ ಮುಂಜಾವಿನಲ್ಲಿ ಕಲ್ಲೂ ಹಲಗೆಯೂ ಒಂದೇ ಶೈತ್ಯದಲ್ಲಿರುತ್ತವೆ. ಆದರೆ ಕಲ್ಲು ಕೈಯ ಕಾವನ್ನು ಹಲಗೆಗಿಂತ ಹಲವು ಪಾಲು ಬೇಗನೆ ಹೀರಿಬಿಡುತ್ತದೆ. ಮೂರು ವರ್ಷಗಳಿಂದ ಆಕೆಯ ಬೆರಳಿನ ಗೆಣ್ಣುಗಳು ಊದಿಕೊಂಡಿವೆ. ಹುಡುಗರಿಗೆ ತಂಪೆನಿಸುವ ಕಲ್ಲು ಆ ಬೆರಳುಗಳಿಗೆ ನೋವು. ಎರಡನೆಯದು, ಸದ್ದಿಲ್ಲ, ಬಟ್ಟಲು ಇಟ್ಟರೆ ಕಂಚುಗಾರನ ಅಂಗಡಿಯಂತೆ ಮೊಳಗುವುದಿಲ್ಲ. ಮೂರನೆಯದು, ಕೈತಪ್ಪಿದ ವಸ್ತುವಿಗೆ ಉಳಿಯುವ ಅವಕಾಶ ಹೆಚ್ಚು. ಹೋದ ವರ್ಷ ಆಕೆಯ ತಾಯಿ ಕೊಟ್ಟಿದ್ದ ಉಪ್ಪಿನಕಾಯಿಯ ಭರಣಿ ಕೈಯಿಂದ ಜಾರಿತು. ಕಟ್ಟೆಯಿಂದ ಒಂದು ಗೇಣು ಎತ್ತರವೂ ಇರಲಿಲ್ಲ. ಭರಣಿ ಮೂರು ಹೋಳಾಯಿತು. ಆಕೆ ಆ ದಿನ ಏನೂ ಮಾತಾಡಲಿಲ್ಲ. ಹೋಳುಗಳನ್ನು ತೊಳೆದು, ಒರಸಿ, ಅಟ್ಟದ ಮೇಲಿಟ್ಟಳು. ಇಂದಿಗೂ ಅಲ್ಲಿಯೇ ಇವೆ.

ಭಾರದ ವಿಷಯವನ್ನೂ ಲೆಕ್ಕ ಹಾಕಿದೆನು. ಎರಡು ಸೆಂಟಿಮೀಟರು ದಪ್ಪದ ಗ್ರಾನೈಟು ಚದರಡಿಗೆ ಸುಮಾರು 5 ಕೆ.ಜಿ. ತೂಗುತ್ತದೆ, ಹತ್ತಡಿ ಉದ್ದ, ಎರಡಡಿ ಅಗಲದ ಕಟ್ಟೆಗೆ 100 ಕೆ.ಜಿ. ಅದನ್ನು ಒಮ್ಮೆ ಕೂರಿಸಿದರೆ ಮುಗಿಯಿತು. ಎತ್ತರ ಹೆಚ್ಚಾಯಿತೆಂದರೆ ತಗ್ಗಿಸುವಂತಿಲ್ಲ. ಹಲಗೆಯನ್ನು ನಮ್ಮೂರಿನ ಬಡಗಿಯೇ ಅರ್ಧ ದಿನದಲ್ಲಿ ಕಳಚಿ ಇಳಿಸಬಲ್ಲನು.

ದೋಷಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಕಾಯ್ದ ಬಾಣಲೆಯನ್ನು ಲ್ಯಾಮಿನೇಟಿನ ಮೇಲೆ ಇಟ್ಟರೆ ಗುಳ್ಳೆಯೇಳುತ್ತದೆ, ಇಲ್ಲವೆ ಕಲೆ ಬೀಳುತ್ತದೆ, ಅದಕ್ಕೆ ಮದ್ದಿಲ್ಲ. ಚಾಕುವಿನ ಗೀರು ಮಾಯುವುದಿಲ್ಲ. ಅರಿಸಿನ ಬಿದ್ದರೆ ಕೂಡಲೆ ಒರಸಬೇಕು. ಎಲ್ಲಕ್ಕಿಂತ ದೊಡ್ಡ ಶತ್ರು ನೀರು: ಸಂದಿನಲ್ಲಿ ಇಳಿಯಿತೆಂದರೆ ಒಳಗಿನ ಹಲಗೆ ಉಬ್ಬುತ್ತದೆ. ಇಂಗ್ಲೆಂಡಿನಲ್ಲಿ ಒದ್ದೆಯ ಅರಿವೆಯಿಂದ ಒರಸಿದರೆ ಅಡಿಗೆಯ ಮನೆ ಶುದ್ಧಿಯಾಯಿತು. ನಮಗೆ ತಂಬಿಗೆ ತಂಬಿಗೆ ನೀರು ಚೆಲ್ಲಿ ತೊಳೆಯದೆ ಮಡಿಯೆನಿಸದು. ಇದಲ್ಲದೆ ಕಟ್ಟೆಯ ಮೇಲೆ ತೆಂಗಿನಕಾಯಿ ಒಡೆಯುವ ದೇಶ ನಮ್ಮದು. ಒಂದು ದೇಶದ ಕಟ್ಟೆಯನ್ನು ತರುವವನು ಆ ದೇಶದ ಅಭ್ಯಾಸವನ್ನೂ ಜೊತೆಗೆ ತರಬೇಕಾಗುತ್ತದೆ.

ಕಲ್ಲಿನ ಪಕ್ಷದವರೂ ಒಂದು ಮಾತನ್ನು ಮರೆಯಕೂಡದು. ಸ್ಫಟಿಕಶಿಲೆಯ ಧೂಳು ಉಸಿರಿನೊಡನೆ ಒಳಹೊಕ್ಕರೆ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಎಂಬ ರೋಗ ಬರುತ್ತದೆ, ಬಂದದ್ದು ಹೋಗುವುದಿಲ್ಲ. ಕಲ್ಲುಪುಡಿಯನ್ನೂ ರಾಳವನ್ನೂ ಸೇರಿಸಿ ಮಾಡುವ ಕೃತಕ ಶಿಲೆಯಲ್ಲಿ ಈ ಅಪಾಯ ಅತ್ಯಧಿಕವೆಂದು ಕಂಡು, ಆಸ್ಟ್ರೇಲಿಯಾ ದೇಶವು 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ಗ್ರಾನೈಟನ್ನು ನೀರು ಹಾಯಿಸದೆ ಒಣಗಿದ್ದಂತೆಯೇ ಕೊಯ್ಯುವ ಕೂಲಿಯವನ ಎದೆಗೂ ಆ ಧೂಳು ಹೋಗುತ್ತದೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನೆನೆಯಬೇಕು: ನಮ್ಮ ಕಣ್ಣಿಗೆ ನುಣ್ಣಗಾದ ಕಲ್ಲು ಬೆಟ್ಟದಿಂದ ಬರುವ ದಾರಿಯಲ್ಲಿ ಯಾರ ಉಸಿರನ್ನು ತೆಗೆದುಕೊಂಡಿತೋ ವಿಚಾರಿಸುವುದು ಗೃಹಸ್ಥಧರ್ಮ. ಕೊಯ್ಯುವಾಗ ನೀರು ಹಾಯಿಸುವ ಅಂಗಡಿಯಿಂದಲೇ ಕಲ್ಲು ತರುವುದು ಲೇಸು.

ಇಷ್ಟನ್ನೆಲ್ಲ ನಾನು ಒಂದು ಸಂಜೆ ಮಂಡಿಸಿ, “ಬಾಳಿಕೆಯ ದೃಷ್ಟಿಯಿಂದ ಕಲ್ಲೇ ಮೇಲು” ಎಂದೆನು. ನಮ್ಮಾಕೆ ಸಾವಧಾನವಾಗಿ ಕೇಳಿ, “ಯಾರ ಬಾಳಿಕೆ ನೋಡುತ್ತೀರಿ? ಕಲ್ಲಿನದೋ, ನನ್ನ ಕೈಯದೋ? ಕಲ್ಲು ನೂರು ವರ್ಷ ಇರುತ್ತದೆ, ಇರಲಿ. ನನಗೆ ಇನ್ನೊಂದು ಹತ್ತು ವರ್ಷ ನನ್ನ ಕೈಯಿಂದಲೇ ನಿಮಗೆ ಬಡಿಸಬೇಕೆಂದು ಆಸೆ” ಎಂದಳು.

ವಿವಾಹದಲ್ಲಿ ಅಶ್ಮಾರೋಹಣವೆಂಬ ವಿಧಿಯುಂಟು. ವಧುವಿನ ಪಾದವನ್ನು ಕಲ್ಲಿನ ಮೇಲೆ ಇಡಿಸುತ್ತಾರೆ. ಆಕೆ ಆ ಶಿಲೆಯಂತೆ ದೃಢಳಾಗಿರಲೆಂಬುದು ಅದರ ಆಶಯ. ಎಷ್ಟೋ ಮದುವೆಗಳಲ್ಲಿ ನಾನೇ ಈ ಅರ್ಥವನ್ನು ಸಭೆಗೆ ವಿವರಿಸಿದ್ದೇನೆ. ಮೂವತ್ತೈದು ವರ್ಷ ಆಕೆ ಕಲ್ಲಿನಂತೆ ದೃಢಳಾಗಿ ನಿಂತುದು ದಿಟ. ಆದರೆ ಬೆರಳುಗಳು ಕಲ್ಲಿನವಲ್ಲ. ದಾರ್ಢ್ಯವನ್ನು ಮನಸ್ಸಿನಿಂದ ಬಯಸಬಹುದು. ಗೆಣ್ಣುಗಳಿಂದ ಬಯಸುವುದು ನಿರ್ದಯೆ.

ಸಿದ್ಧಾಂತ ಹೀಗಾಯಿತು. ಒಲೆಯ ಎರಡು ಪಕ್ಕಕ್ಕೂ ತೊಟ್ಟಿಯ ಸುತ್ತಲೂ ಆರಡಿಯಷ್ಟು ಗ್ರಾನೈಟು. ಬೆಂಕಿಯೂ ನೀರೂ ಅಲ್ಲಿಗೇ ಮುಗಿಯಲಿ. ಕಿಟಕಿಯ ಕೆಳಗಿನ ನಾಲ್ಕಡಿಯಲ್ಲಿ, ಕುಳಿತು ಕೆಲಸ ಮಾಡುವುದಕ್ಕೆ ತಕ್ಕಷ್ಟು ತಗ್ಗಾಗಿ, ನೀರಿಗೆ ತಡೆಯುವ ಪ್ಲೈವುಡ್ಡಿನ ಮೇಲೆ ಲ್ಯಾಮಿನೇಟು. ಕಾಳು ಆರಿಸುವುದು, ಚಪಾತಿ ಲಟ್ಟಿಸುವುದು, ಎಲೆ ಒರಸುವುದು ಎಲ್ಲ ಅಲ್ಲಿ. ಬಣ್ಣವನ್ನು ಆಕೆಯೇ ಆರಿಸಿದಳು: ಎಳೆಯ ಬಾಳೆಯ ಸುಳಿಯ ಹಸುರು. ತೆಂಗಿನಕಾಯಿ ಒಡೆಯುವ ಕೆಲಸ ಹಿತ್ತಿಲ ಕಲ್ಲಿಗೆ ವರ್ಗವಾಗಿದೆ. ಆ ಅಧಿಕಾರ ನನ್ನ ಪಾಲಿಗೆ ಬಂದಿದೆ.

ಮನೆ ಕಟ್ಟಿಸುವ ಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಕಲ್ಲಿಗೆ ಬೆಲೆಯೆಷ್ಟು, ಬಾಳಿಕೆಯೆಷ್ಟು ಎಂದು ಅಂಗಡಿಯವನನ್ನು ಕೇಳುವುದಕ್ಕೆ ಮುಂಚೆ, ಆ ಕಟ್ಟೆಯ ಮುಂದೆ ನಿಲ್ಲುವವರು ಹೆಂಡತಿಯಾಗಲಿ, ತಾಯಿಯಾಗಲಿ, ಮಗನೇ ಆಗಲಿ, ಅವರ ಕೈಗಳನ್ನು ಒಮ್ಮೆ ಹಿಡಿದು ನೋಡಿ. ಎತ್ತರ, ಬಣ್ಣ, ಪದಾರ್ಥ ಎಲ್ಲವೂ ಅಲ್ಲಿಯೇ ಬರೆದಿರುತ್ತವೆ.