ತೆಂಗಿನ ಮರದ ಹೆಸರಿನಲ್ಲಿ ಒಂದು ಕಿಲೋ ಉಪ್ಪು

ಅಯೋಡಿನ್ ಸೇರಿಸದ ಹರಳುಪ್ಪು ಉಪ್ಪಿನಕಾಯಿ ಭರಣಿಗೆಂದು ಹೊರಟರೆ ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಅದೇ ಹರಳು ಸಾರಿನ ಪಾತ್ರೆಗೆಂದು ಹೊರಟರೆ ಮಾರಿದವನು ತಪ್ಪಿತಸ್ಥ. ತಮಾಷೆಗೆ ಹೇಳುತ್ತಿಲ್ಲ. ಆಹಾರ ಸುರಕ್ಷತೆಯ 2011ರ ನಿಯಮಗಳ ಪ್ರಕಾರ ಅಯೋಡಿನ್ ಇಲ್ಲದ ಉಪ್ಪನ್ನು ಮನುಷ್ಯರು ನೇರವಾಗಿ ತಿನ್ನುವುದಕ್ಕೆಂದು ಮಾರುವಂತಿಲ್ಲ. ದನಕರುಗಳಿಗೆ ಮಾರಬಹುದು, ಔಷಧ ತಯಾರಿಕೆಗೆ ಮಾರಬಹುದು, ಕಾರ್ಖಾನೆಗೆ ಮಾರಬಹುದು, ಪದಾರ್ಥ ಕೆಡದಂತೆ ಇಡುವುದಕ್ಕೂ ಮಾರಬಹುದು. ಚೀಟಿಯ ಮೇಲೆ ಹಾಗೆಂದು ಬರೆದಿದ್ದರಾಯಿತು. ಮಾವಿನ ಮಿಡಿಯನ್ನು ವರ್ಷಗಟ್ಟಲೆ ಕೆಡದಂತೆ ಇಡುವುದಕ್ಕಿಂತ ದೊಡ್ಡ ಸಂರಕ್ಷಣೆ ಇನ್ನೇನಿದೆ? ಹಾಗಾಗಿ ಬಾಳೆಲೆಯ ಎಡತುದಿಯಲ್ಲಿ ಕೂತ ಉಪ್ಪಿನಕಾಯಿ ಸಾಚಾ, ಅದರ ಪಕ್ಕದಲ್ಲೇ ಬಡಿಸಿದ ಚಿಟಿಕೆ ಉಪ್ಪು ಕಳ್ಳಮಾಲು.

ಬೆಂಗಳೂರಿನ ನಮ್ಮ ಬಡಾವಣೆಯ ಕಿರಾಣಿ ಅಂಗಡಿಯ ಶೆಟ್ಟರು ಈ ನಿಯಮಾವಳಿಯನ್ನು ಓದಿರಲಾರರು. ಆದರೆ ಅದರ ಸಾರ ಅವರಿಗೆ ಚೆನ್ನಾಗಿ ಗೊತ್ತು.

"ಕಲ್ಲುಪ್ಪು ಇದೆಯಾ ಶೆಟ್ರೇ?"

"ಇದೆ ಸಾರ್. ಯಾವುದಕ್ಕೆ?"

"ತೆಂಗಿನ ಮರಕ್ಕೆ."

ನಾನು ಬಾಡಿಗೆಗಿರುವುದು ಮೂರನೇ ಮಹಡಿಯಲ್ಲಿ ಎಂಬುದು ಶೆಟ್ಟರಿಗೆ ಗೊತ್ತಿದೆ. ಆದರೂ ಮುಖದ ಒಂದು ಗೆರೆಯೂ ಅಲುಗದಂತೆ ಪೊಟ್ಟಣ ತೆಗೆದುಕೊಡುತ್ತಾರೆ. ಅದರ ಮೇಲೆ "ಖಾದ್ಯಕ್ಕಲ್ಲ" ಎಂದು ಅಚ್ಚಾಗಿರುತ್ತದೆ. ನನ್ನ ಹಿಂದೆ ನಿಂತವರು ಮಗುವಿಗೆ ದೃಷ್ಟಿ ತೆಗೆಯಲು ಎನ್ನುತ್ತಾರೆ, ಅವರ ಹಿಂದಿನವರು ಕಾಲುನೋವಿಗೆ ಬಿಸಿನೀರಿಗೆ ಹಾಕಲು ಎನ್ನುತ್ತಾರೆ. ಇಷ್ಟೊಂದು ದೃಷ್ಟಿ, ಇಷ್ಟೊಂದು ಕಾಲುನೋವು ಒಂದೇ ಬಡಾವಣೆಯಲ್ಲಿ ಇರಲಾರದು. ಅಯೋಡಿನ್ ಸೇರಿಸಿದ ಹರಳುಪ್ಪೂ ಈಗ ಸಿಗುತ್ತದೆ, ಅದನ್ನೂ ಶೆಟ್ಟರು ತೋರಿಸುತ್ತಾರೆ. ಬೇಡವೆಂದರೆ ಒತ್ತಾಯ ಮಾಡುವುದಿಲ್ಲ.

ನಾನು ಶಿರಸಿ ಸೀಮೆಯವನು. ನಮಗೆ ಅಡಿಕೆ, ಮೆಣಸು, ಏಲಕ್ಕಿ ಎಲ್ಲವೂ ಮನೆಯ ಹಿಂದೆಯೇ. ಉಪ್ಪು ಮಾತ್ರ ಘಟ್ಟದ ಕೆಳಗಿನಿಂದ ಬರಬೇಕು. ಒಂದು ಕಾಲದಲ್ಲಿ ಲಂಬಾಣಿಗರು ಎತ್ತುಗಳ ಬೆನ್ನ ಮೇಲೆ ಹೇರಿಕೊಂಡು ಕರಾವಳಿಯಿಂದ ಉಪ್ಪು ತರುತ್ತಿದ್ದರು, ಇಳಿಯುವಾಗ ದವಸ ಒಯ್ಯುತ್ತಿದ್ದರು. ನನ್ನ ಕಾಲಕ್ಕೆ ಅದು ದೇವಿಮನೆ ಘಟ್ಟ ಹತ್ತಿ ಬರುವ ಲಾರಿಯ ಗೋಣಿಚೀಲವಾಗಿತ್ತು. ಅಮ್ಮನ, ನಮ್ಮ ಮಾತಿನಲ್ಲಿ ಆಯಿಯ, ತವರು ಕುಮಟಾ ಕಡೆ. ಅಲ್ಲಿನ ಉಪ್ಪಿನ ಆಗರವಾದ ಸಾಣಿಕಟ್ಟಾದ ಉಪ್ಪಲ್ಲದೆ ಬೇರೆಯದನ್ನು ಅವಳು ಉಪ್ಪೆಂದು ಒಪ್ಪುತ್ತಿರಲಿಲ್ಲ. ಅಂಗಡಿಯ ಬಿಳಿ ಪುಡಿಯುಪ್ಪನ್ನು ಬೆರಳಲ್ಲಿ ಉಜ್ಜಿ ನೋಡಿ, "ಇದೆಂಥದು, ರಂಗೋಲಿ ಹುಡಿಯಾ?" ಎಂದು ಕೇಳಿದವಳು.

ಮಳೆಗಾಲ ಹಿಡಿದರೆ ನಮ್ಮ ಅಡಿಗೆಮನೆಯಲ್ಲಿ ಉಪ್ಪು ಅಳುತ್ತಿತ್ತು. ಒಲೆಯ ಪಕ್ಕದಲ್ಲಿ ಎತ್ತರಕ್ಕೆ ಕಟ್ಟಿದ ಬುಟ್ಟಿಯಿಂದ ತೊಟ್ಟಿಕ್ಕುವ ನೀರಿಗೆ ಕೆಳಗೊಂದು ಕರಟ ಇಟ್ಟಿರಬೇಕು. ಸಮುದ್ರದ ಉಪ್ಪಿನಲ್ಲಿ ಸ್ವಲ್ಪ ಮೆಗ್ನೀಸಿಯಂ ಕ್ಲೋರೈಡ್ ಉಳಿದಿರುತ್ತದೆ, ಅದು ಗಾಳಿಯ ತೇವವನ್ನು ಹೀರುತ್ತದೆ ಎಂಬುದು ಶಾಲೆಯಲ್ಲಿ ಕಲಿತ ಮೇಲೆ ತಿಳಿದ ಕಾರಣ. ಪೇಟೆಯ ಪುಡಿಯುಪ್ಪು ಅಳದೇ ಇರುವುದು ಅದನ್ನು ತೊಳೆದು ಶುದ್ಧ ಮಾಡಿ, ಗಂಟುಕಟ್ಟದ ಹಾಗೆ ಇನ್ನೊಂದು ಪುಡಿ ಬೆರೆಸಿರುವುದರಿಂದ.

ಆಯಿಯ ಹಟದ ಮೂಲ ಇದ್ದದ್ದು ಅಪ್ಪೆಮಿಡಿ ಎಂಬ ಮಾವಿನ ಮಿಡಿಯಲ್ಲಿ. ತೊಟ್ಟು ಮುರಿಯದ ಹಾಗೆ ಕೊಯ್ದು ತಂದ ಮಿಡಿಯನ್ನು ತೊಳೆದು, ಬಟ್ಟೆಯ ಮೇಲೆ ಹರವಿ ಒಣಗಿಸಿ, ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು, ಮತ್ತೆ ಮಿಡಿ, ಮತ್ತೆ ಉಪ್ಪು. ಮೇಲೊಂದು ಕಲ್ಲಿನ ಭಾರ. ನಾಲ್ಕು ದಿನ ಹೋಗಲಿಕ್ಕಿಲ್ಲ, ಒಂದು ಹನಿ ನೀರು ಸೋಕಿಸದ ಭರಣಿಯಲ್ಲಿ ಮಿಡಿಯೇ ಬಿಟ್ಟ ರಸ ಮೇಲಕ್ಕೆ ಬಂದು ನಿಂತಿರುತ್ತದೆ. ಮಿಡಿ ಚಿರುಟಿ, ಹಸಿರು ಹೋಗಿ ಕಂದಿದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಸಾಸಿವೆ ಮೆಣಸು ಅರೆದು ಕಲಸುವುದು. ಅಯೋಡಿನ್ ಉಪ್ಪು ಹಾಕಿದರೆ ಮಿಡಿ ಮೆತ್ತಗಾಗುತ್ತದೆ ಎಂದು ಆಯಿ ಪ್ರಮಾಣ ಮಾಡಿ ಹೇಳುತ್ತಿದ್ದಳು. ವಿಜ್ಞಾನ ಇದನ್ನು ಒಪ್ಪುತ್ತದೋ ಇಲ್ಲವೋ, ಅವಳ ಉಪ್ಪಿನಕಾಯಿ ಎರಡನೇ ಮಳೆಗಾಲದಲ್ಲೂ ಕರುಂ ಎನ್ನುತ್ತಿದ್ದದ್ದಕ್ಕೆ ನನ್ನ ಹಲ್ಲೇ ಸಾಕ್ಷಿ.

ಗೋಕರ್ಣಕ್ಕೆ ಹೋಗುವವರು ಸಾಣಿಕಟ್ಟಾವನ್ನು ನೋಡಿಯೇ ನೋಡಿರುತ್ತೀರಿ, ಗಮನಿಸಿರಲಿಕ್ಕಿಲ್ಲ. ದೇವಸ್ಥಾನದ ಮತ್ತು ಕಡಲತೀರದ ಅವಸರದಲ್ಲಿರುವ ಕಾರುಗಳು ಆ ಬಿಳಿ ರಾಶಿಗಳ ಪಕ್ಕದಲ್ಲೇ ಹಾದುಹೋಗುತ್ತವೆ. ಅಘನಾಶಿನಿ ಕಡಲು ಸೇರುವ ಹಿನ್ನೀರಿನ ಬಯಲು ಅದು. ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಬದು ಕಟ್ಟಿದ ಮಡಿಯಿಂದ ಮಡಿಗೆ ಸಾಗಿಸುತ್ತ ಬಿಸಿಲಿಗೆ ಕಾಯಿಸುತ್ತಾರೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ, ಆದರೆ ಎಲ್ಲವೂ ಊಟದ ಉಪ್ಪಲ್ಲ. ಮೊದಲು ಸುಣ್ಣದ ಅಂಶ ತಳಕ್ಕೆ ಕೂರುತ್ತದೆ, ಆಮೇಲೆ ಉಪ್ಪು ಹರಳುಗಟ್ಟುತ್ತದೆ, ಕೊನೆಗೆ ಉಳಿಯುವುದು ಕಹಿನೀರು. ಆ ಕಹಿನೀರು ಆರುವವರೆಗೆ ಕಾದು ಕೂತರೆ ಉಪ್ಪೂ ಕಹಿ. ಯಾವ ಹೊತ್ತಿಗೆ ಹಲಗೆಯಿಂದ ಎಳೆದು ರಾಶಿ ಹಾಕಬೇಕು ಎಂಬುದರಲ್ಲಿ ಕಸುಬೆಲ್ಲ ಅಡಗಿದೆ. ಈ ಕರಾವಳಿಯಲ್ಲಿ ಆಗೇರ ಸಮುದಾಯದವರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸವಿದು. ಏಪ್ರಿಲ್ ಬಿಸಿಲಿನಲ್ಲಿ, ನೆಲದ ಬಿಳುಪು ಕಣ್ಣಿಗೆ ರಾಚುತ್ತಿರುವಾಗ, ಕಾಲು ಉಪ್ಪುನೀರಿನಲ್ಲಿ ನೆನೆಯುತ್ತಿರುವಾಗ ಮಾಡುವ ಕೆಲಸ. ಒಂದು ಅಕಾಲದ ಮಳೆ ಬಂದರೆ ವಾರದ ದುಡಿಮೆ ಕರಗಿ ಹೊಳೆಗೆ. ಇವರನ್ನು ರೈತರೆಂದು ಕರೆಯದೆ ಬೇರೆ ಏನೆಂದು ಕರೆಯಲಿ?

ಅದೇ ಹಿನ್ನೀರಿನ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ. ಮಾಣಿಕಟ್ಟಾದಂಥ ಊರಿನಲ್ಲಿ ರೈತರು ಒಟ್ಟಾಗಿ ಬೇಸಾಯ ಮಾಡಿ ಅದನ್ನು ಉಳಿಸಿಕೊಂಡಿದ್ದಾರೆ. ಕೆಂಪಕ್ಕಿಯ ಗಂಜಿ ಕುಡಿಯುವವರಿಗೆ ಅದರ ರುಚಿ ಗೊತ್ತು. ಪುಣ್ಯಕ್ಕೆ ಅದನ್ನು ಕೊಳ್ಳಲು ಯಾವ ಮರದ ಹೆಸರನ್ನೂ ಹೇಳಬೇಕಾಗಿಲ್ಲ.

ಉಪ್ಪಿಗೂ ಸರ್ಕಾರಕ್ಕೂ ಹಳೆಯ ಜಗಳ. 1882ರ ಉಪ್ಪಿನ ಕಾಯ್ದೆ ಕಡಲಂಚಿನ ಬಡವ ತನ್ನ ಹಿತ್ತಿಲ ಉಪ್ಪನ್ನು ಕೆರೆದು ತಿನ್ನುವುದನ್ನೂ ಅಪರಾಧ ಮಾಡಿತ್ತು. ಗಾಂಧೀಜಿಯ ಜೊತೆ ದಂಡಿಗೆ ನಡೆದವರಲ್ಲಿ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನೂ ಇದ್ದ. 1930ರ ಏಪ್ರಿಲ್ 6ರಂದು ದಂಡಿಯಲ್ಲಿ ಕಾನೂನು ಮುರಿದರೆ, ಒಂದೇ ವಾರಕ್ಕೆ, ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪು ತಯಾರಾಯಿತು. ಸಾವಿರಾರು ಜನ ಸೇರಿದ್ದರು, ಆ ಉಪ್ಪನ್ನು ಹರಾಜು ಹಾಕಿ ಮಾರಿದರು. ಅದನ್ನು ಕೊಂಡವರು "ತೆಂಗಿನ ಮರಕ್ಕೆ" ಎನ್ನಲಿಲ್ಲ. 1931ರ ಮಾರ್ಚ್ 5ರ ಗಾಂಧಿ-ಇರ್ವಿನ್ ಒಪ್ಪಂದದಲ್ಲಿ ಒಂದು ಸಣ್ಣ ಕಲಮು ಇದೆ: ಉಪ್ಪು ಸಿಗುವ ಊರಿನವರು ತಮ್ಮ ಮನೆಗೆ ಬೇಕಾದಷ್ಟು ಉಪ್ಪು ಮಾಡಿಕೊಳ್ಳಬಹುದು, ತಮ್ಮ ಊರೊಳಗೇ ಮಾರಲೂಬಹುದು, ಹೊರಗಿನವರಿಗೆ ಮಾರುವಂತಿಲ್ಲ. ವೈಸ್‌ರಾಯ್ ಕೊಟ್ಟಿದ್ದು ಅಷ್ಟೇ. ಉಪ್ಪಿನ ತೆರಿಗೆ ಹೋದದ್ದು 1947ರಲ್ಲಿ.

ಇಲ್ಲಿಗೇ ನಿಲ್ಲಿಸಿದರೆ ಬ್ರಿಟಿಷರ ಜಾಗದಲ್ಲಿ ಇಂದಿನ ಅಧಿಕಾರಿಗಳನ್ನು ಕೂರಿಸಿ ಬೈಯುವುದು ಸುಲಭ. ಅದು ನ್ಯಾಯವಲ್ಲ. ಆಗ ತಡೆದದ್ದು ಬೊಕ್ಕಸಕ್ಕಾಗಿ, ಈಗ ತಡೆಯುತ್ತಿರುವುದು ಅಯೋಡಿನ್ ಸಾಲದೆ ಬರುವ ಗಳಗಂಡಕ್ಕಾಗಿ. ನಮ್ಮೂರಲ್ಲೇ ಗಂಟಲಿನ ಮುಂದೆ ನಿಂಬೆಹಣ್ಣಿನಷ್ಟು ದಪ್ಪದ ಗಂಟು ಇದ್ದ ಹೆಂಗಸರನ್ನು ನೋಡಿ ಬೆಳೆದವನು ನಾನು. ಸೆರಗು ಎಳೆದು ಮುಚ್ಚಿಕೊಳ್ಳುತ್ತಿದ್ದರು, ಮಾತಾಡುವಾಗ ಕೈ ಅಲ್ಲಿಗೇ ಹೋಗುತ್ತಿತ್ತು. ಗಂಟಾದರೂ ಕಣ್ಣಿಗೆ ಕಾಣುತ್ತದೆ. ಗರ್ಭಿಣಿಗೆ ಅಯೋಡಿನ್ ಸಾಲದೆ ಮಗುವಿನ ಬುದ್ಧಿ ಮಂದವಾದರೆ ಕಾರಣ ಯಾರಿಗೂ ಕಾಣುವುದಿಲ್ಲ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಜೊತೆಗಾರರು ಕೆಲವು ಊರುಗಳಿಗೆ ಅಯೋಡಿನ್ ಉಪ್ಪು, ಕೆಲವಕ್ಕೆ ಸಾದಾ ಉಪ್ಪು ಹಂಚಿ ನೋಡಿದರು. ಅಯೋಡಿನ್ ತಿಂದ ಊರುಗಳಲ್ಲಿ ಗಳಗಂಡ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು ಇದರ ಬಲದ ಮೇಲೆ. ಮನುಷ್ಯನಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ, ಸೂಜಿಮೊನೆಯಷ್ಟು.

ಇಲ್ಲಿ ನಮ್ಮ ನೈಸರ್ಗಿಕ ಆಹಾರದ ಮಿತ್ರರ ಮೇಲೂ ನನಗೊಂದು ತಕರಾರಿದೆ. "ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ತಾನಾಗಿಯೇ ಇರುತ್ತದೆ, ಬೆರೆಸುವುದು ಕಂಪನಿಗಳ ಹುನ್ನಾರ" ಎಂದು ಅವರು ಮದುವೆಮನೆಯ ಪಂಕ್ತಿಯಲ್ಲಿ ಕೂತು ಭಾಷಣ ಬಿಗಿಯುತ್ತಾರೆ. ಸಮುದ್ರದ ನೀರಿನಲ್ಲಿ ಇರುವುದೇ ಲವಲೇಶ, ಉಪ್ಪು ಹರಳುಗಟ್ಟುವಾಗ ಅದರ ಬಹುಪಾಲು ಕಹಿನೀರಿನಲ್ಲಿ ಹೊರಟುಹೋಗುತ್ತದೆ. ಸಾಣಿಕಟ್ಟಾದ ಹರಳನ್ನು ನಂಬಿಕೊಂಡರೆ ಅಯೋಡಿನ್ ಸಿಕ್ಕುವುದಿಲ್ಲ. ನಮ್ಮ ಉಪ್ಪಿನವರ ಪರವಾಗಿ ಸುಳ್ಳು ಹೇಳಬೇಕಾದ ಅಗತ್ಯವೇ ಇಲ್ಲ, ಸತ್ಯವೇ ಸಾಕಷ್ಟಿದೆ.

ಅಯೋಡಿನ್ ಇಲ್ಲದ ಉಪ್ಪಿನ ನಿಷೇಧ ದೇಶಕ್ಕೆಲ್ಲ 1998ರಲ್ಲಿ ಬಂತು, 2000ದಲ್ಲಿ ಹೋಯಿತು, 2006ರ ಮೇ ತಿಂಗಳಲ್ಲಿ ಮರಳಿತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ಅಸಿಂಧು ಎಂದಿತು. ಸಾದಾ ಉಪ್ಪು ತಾನಾಗಿ ಆರೋಗ್ಯಕ್ಕೆ ಕೆಡುಕಲ್ಲ, ಕಲಬೆರಕೆ ತಡೆಯುವ ಕಾಯ್ದೆಯಡಿ ಅದನ್ನು ನಿಷೇಧಿಸಲಾಗದು ಎಂಬುದು ತೀರ್ಪಿನ ತಿರುಳು. ಹಾಗೆಂದರೂ, ಸರ್ಕಾರ ಬೇರೆ ದಾರಿ ನೋಡಿಕೊಳ್ಳಲಿ ಎಂದು ಆರು ತಿಂಗಳು ನಿಷೇಧವನ್ನು ಮುಂದುವರಿಸಲೂ ಬಿಟ್ಟಿತು. ಅಷ್ಟರಲ್ಲಿ ಹೊಸ ಆಹಾರ ಸುರಕ್ಷತಾ ನಿಯಮಗಳು ಬಂದವು, ನಿಷೇಧ ಅಂಗಿ ಬದಲಿಸಿಕೊಂಡು ಅಲ್ಲೇ ಕೂತಿತು.

ಸ್ವಿಟ್ಜರ್ಲೆಂಡ್ 1922ರಲ್ಲೇ ಅಯೋಡಿನ್ ಉಪ್ಪು ಶುರು ಮಾಡಿದ ದೇಶ. ಆಲ್ಪ್ಸ್ ಪರ್ವತದ ಆ ಜನರನ್ನು ಗಳಗಂಡ ಕಾಡಿದ ಹಾಗೆ ಬೇರೆಯವರನ್ನು ಕಾಡಿದ್ದು ಕಡಿಮೆ. ಅಲ್ಲಿ ಇವತ್ತಿಗೂ ಎರಡೂ ಬಗೆಯ ಉಪ್ಪು ಅಂಗಡಿಯಲ್ಲಿ ಅಕ್ಕಪಕ್ಕ ಇರುತ್ತದೆ, ತಿಳಿದವರು ಬೇಕಾದ್ದನ್ನು ಎತ್ತಿಕೊಳ್ಳುತ್ತಾರೆ. ಅಮೆರಿಕದಲ್ಲೂ ಕಡ್ಡಾಯವಿಲ್ಲ. ನಮ್ಮಲ್ಲಿ ಮಾತ್ರ ದೊಡ್ಡ ಅಂಗಡಿಯ ಕಪಾಟಿನಲ್ಲಿ ಗುಲಾಬಿ ಬಣ್ಣದ "ಹಿಮಾಲಯದ ಉಪ್ಪು" ಗಾಜಿನ ಶೀಶೆಯಲ್ಲಿ ರಾಜನ ಹಾಗೆ ಕೂತಿರುತ್ತದೆ. ಅದರ ತವರು ಹಿಮಾಲಯವಲ್ಲ, ಪಾಕಿಸ್ತಾನದ ಪಂಜಾಬಿನ ಖೇವ್ರಾ ಗಣಿ. ಅದರಲ್ಲಿ ಅಯೋಡಿನ್ ಇದೆಯೇ ಎಂದು ಕೇಳಿದ ಗಿರಾಕಿಯನ್ನು ನಾನಿನ್ನೂ ಕಂಡಿಲ್ಲ. ಕುಮಟಾ ತಾಲ್ಲೂಕಿನ ಬೂದುಬಣ್ಣದ ಹರಳಿಗೆ ಮಾತ್ರ ಗಿಡದ ನೆಪ, ದೃಷ್ಟಿಯ ನೆಪ ಬೇಕು. ಆಗರದ ಬಾಯಲ್ಲಿ ಅದಕ್ಕೆ ಕಿಲೋಗೆ ಸಿಗುವುದು ಕೆಲವೇ ರೂಪಾಯಿ.

ನನ್ನ ಲೆಕ್ಕ ಇಷ್ಟೇ. ಪಡಿತರದಲ್ಲಿ, ಶಾಲೆಯ ಬಿಸಿಯೂಟದಲ್ಲಿ, ಅಂಗನವಾಡಿಯಲ್ಲಿ, ಗರ್ಭಿಣಿಯರ ಅಡಿಗೆಯಲ್ಲಿ ಅಯೋಡಿನ್ ಉಪ್ಪೇ ಇರಲಿ, ಅದರಲ್ಲಿ ರಾಜಿ ಬೇಡ. ಉಳಿದಂತೆ ಸಾದಾ ಉಪ್ಪಿನ ಚೀಲದ ಮೇಲೆ "ಇದರಲ್ಲಿ ಅಯೋಡಿನ್ ಇಲ್ಲ, ಗರ್ಭಿಣಿಯರು ಮತ್ತು ಮಕ್ಕಳು ಇದೊಂದನ್ನೇ ನಂಬಬಾರದು" ಎಂದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದು ಮಾರಲು ಬಿಡಿ. ಸಿಗರೇಟಿಗೇ ಆ ಸ್ವಾತಂತ್ರ್ಯ ಕೊಟ್ಟಿದ್ದೇವೆ.

ಅಲ್ಲಿಯವರೆಗೆ ಗೋಕರ್ಣದ ದಾರಿಯಲ್ಲಿ ಹೋಗುವವರಲ್ಲಿ ಒಂದು ವಿನಂತಿ. ಮಾರ್ಚ್‌ನಿಂದ ಮೇ ನಡುವೆ ಸಾಣಿಕಟ್ಟಾದ ಬಳಿ ಐದು ನಿಮಿಷ ಗಾಡಿ ನಿಲ್ಲಿಸಿ. ಮಾವಿನ ಮಿಡಿಯ ಕಾಲವೂ ಅದೇ. ಉಪ್ಪಿನಕಾಯಿಗೆ ಎಂದು ಹೇಳಿ ಒಂದು ಚೀಲ ಹರಳುಪ್ಪು ಕೊಳ್ಳಿ, ಚೌಕಾಸಿ ಮಾಡಬೇಡಿ. ಕಗ್ಗದ ಅಕ್ಕಿ ಎಲ್ಲಾದರೂ ಸಿಕ್ಕರೆ ಅದನ್ನೂ ಬಿಡಬೇಡಿ.