ಕಾರ್ಡಿಗೆ ಬಂದ ಜ್ವರ

2024ರ ಏಪ್ರಿಲ್ ಸೆಕೆಯನ್ನು ಬೆಂಗಳೂರಿನವರು ಮರೆತಿರಲಾರರು. 28ರಂದು ಉಷ್ಣಾಂಶ 38.5 ಡಿಗ್ರಿ ಮುಟ್ಟಿತ್ತು. ಬಸವನಗುಡಿಯಲ್ಲಿರುವ ನನ್ನ ತಮ್ಮನ ಮಗಳ ಕಂಪ್ಯೂಟರು ಹಟ ಹಿಡಿದದ್ದು ಅದೇ ವಾರ. ಆರ್ಕಿಟೆಕ್ಚರ್ ಓದಿನ ಕೊನೆಯ ವರ್ಷ. ಕಟ್ಟಡದ ಮೂರು ಆಯಾಮದ ಚಿತ್ರ ಸಿದ್ಧಪಡಿಸತೊಡಗಿದರೆ ಇಪ್ಪತ್ತು ನಿಮಿಷದೊಳಗೆ ಪರದೆ ಕಪ್ಪಾಗುತ್ತಿತ್ತು. ಒಪ್ಪಿಸಲು ಉಳಿದದ್ದು ಒಂಬತ್ತು ದಿನ. ರಿಪೇರಿಯವರು ಗ್ರಾಫಿಕ್ಸ್ ಕಾರ್ಡು ಸುಟ್ಟಿದೆ, ಹೊಸದು ಹಾಕಿಸಿ ಎಂದಿದ್ದರು. ತಮ್ಮ ಆಗಷ್ಟೇ ನಿವೃತ್ತನಾಗಿದ್ದ. "ದೊಡ್ಡಪ್ಪ, ಅಷ್ಟು ದುಡ್ಡು ಅಪ್ಪನನ್ನು ಹೇಗೆ ಕೇಳಲಿ?" ಎಂದಳು.

ಸುಟ್ಟ ಕಾರ್ಡು ದಿನವೂ ಇಪ್ಪತ್ತು ನಿಮಿಷ ದುಡಿದೀತೇ? ತಾಪ ತೋರಿಸುವ ತಂತ್ರಾಂಶ ಹಾಕಿ ನೋಡಿದೆವು. ಪರದೆ ಕಪ್ಪಾಗುವ ಮುನ್ನ 94 ಡಿಗ್ರಿ. ಕಂಪ್ಯೂಟರಿನ ಡಬ್ಬಿ ಇದ್ದದ್ದು ಮೇಜಿನ ಕೆಳಗಿನ ಮರದ ಕಪಾಟಿನೊಳಗೆ, ಬಾಗಿಲು ಬೇರೆ ಮುಚ್ಚಿ! 1898ರ ಪ್ಲೇಗಿನ ತರುವಾಯ ಗಾಳಿ ಬೆಳಕಿಗೆಂದು ಅಗಲ ರಸ್ತೆಗಳನ್ನಿಟ್ಟು ಕಟ್ಟಿದ ಬಡಾವಣೆಯಲ್ಲಿ ಯಂತ್ರಕ್ಕೆ ಮಾತ್ರ ಗವಾಕ್ಷಿಯಿಲ್ಲ. ಹೊರಗೆಳೆದು ಪಕ್ಕದ ಮುಚ್ಚಳ ತೆಗೆದಾಗ 88ಕ್ಕಿಳಿಯಿತು. ಫ್ಯಾನು ತಿರುಗುತ್ತಿತ್ತು, ಆದರೆ ಅದರ ಹಿಂದಿನ ಅಲ್ಯೂಮಿನಿಯಮ್ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ವಿದ್ಯುತ್ ತಪ್ಪಿಸಿ, ಫ್ಯಾನು ತಿರುಗದಂತೆ ಬೆರಳಿನಲ್ಲಿ ಹಿಡಿದು, ಬ್ಲೋಯರಿನಿಂದ ಊದಿದೆವು. 83.

ಇನ್ನೂ ಸಾಲದು. ನನ್ನ ವಿದ್ಯಾರ್ಥಿಗಳಿಗೆ ಲೋಹದ ಕಂಬಿಗೆ ಮೇಣದಿಂದ ಗುಂಡುಸೂಜಿ ಅಂಟಿಸಿ, ಒಂದೊಂದೇ ಉದುರುವುದನ್ನು ಎಣಿಸಿದ್ದು ನೆನಪಿರಬಹುದು. ಶಾಖವು ಲೋಹದಲ್ಲಿ ಸಲೀಸಾಗಿ ನಡೆಯುತ್ತದೆ, ಗಾಳಿಯಲ್ಲಿ ಎಡವುತ್ತದೆ. ತಾಮ್ರದ ಉಷ್ಣವಾಹಕತೆ ಸುಮಾರು 400 ಆದರೆ ಗಾಳಿಯದು 0.026 ಮಾತ್ರ. ಚಿಪ್ಪೂ ಅದರ ಮೇಲಿನ ಲೋಹವೂ ಕಣ್ಣಿಗೆಷ್ಟೇ ನುಣುಪಾಗಿದ್ದರೂ ನಡುವೆ ಸೂಕ್ಷ್ಮವಾದ ಗಾಳಿಯ ಸಂದುಗಳಿರುತ್ತವೆ. ಅವನ್ನು ತುಂಬಲು ಹಚ್ಚುವ ಥರ್ಮಲ್ ಪೇಸ್ಟ್ ಆರು ವರ್ಷಗಳಲ್ಲಿ ಒಣಗಿ, ಹಳೆಯ ಸುಣ್ಣದಂತೆ ಬಿರುಕುಬಿಟ್ಟಿತ್ತು.

ಎಸ್.ಪಿ. ರಸ್ತೆಯಲ್ಲಿ ಹೊಸ ಪೇಸ್ಟ್ ಸಿಕ್ಕಿತು. ಕಾರ್ಡಿನ ಬೆಲೆಯ ಮುಂದೆ ಅದು ಎಳ್ಳಷ್ಟು. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಹಳೆಯದನ್ನು ಒರೆಸಿ, ಹೊಸದನ್ನು ಒಂದು ಹನಿಯಷ್ಟೇ ಇಟ್ಟು, ನಾಲ್ಕು ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದಳು. ಮೆಮೊರಿ ಚಿಪ್ಪುಗಳ ಮೇಲಿನ ಮೆತ್ತೆಗಳು ಹರಿಯದಂತೆ ನೋಡಿಕೊಂಡದ್ದೂ ಅವಳೇ. ನನ್ನ ಕೈ ಈಗ ಸಣ್ಣಗೆ ನಡುಗುತ್ತದೆ. ಒಂದು ಗಂಟೆ ದುಡಿಸಿದೆವು. 71 ಡಿಗ್ರಿ, ಅದರ ಮೇಲೆ ಏರಲಿಲ್ಲ.

ಚಿತ್ರಗಳನ್ನು ಅವಳು ಒಂದು ದಿನ ಮೊದಲೇ ಒಪ್ಪಿಸಿದಳು. ಡಬ್ಬಿ ಈಗ ಕಪಾಟಿನ ಹೊರಗೆ, ಗೋಡೆಯಿಂದ ಒಂದು ಗೇಣು ದೂರದಲ್ಲಿದೆ. ಓಡಾಡುವಾಗ ಕಾಲಿಗೆ ತಾಗುತ್ತದೆಂಬ ತಮ್ಮನ ಗೊಣಗಾಟ ಮಾತ್ರ ನಿಂತಿಲ್ಲ.