ನಾಲಿಗೆ ಚಾಚಿದ ರಾಜ, ಬೆನ್ನು ತೋರುವ ಕಾಡುಮನುಷ್ಯ

ಬಾಸೆಲ್ ನಿಲ್ದಾಣದಲ್ಲಿ ರೈಲಿಳಿದಾಗ ಜನವರಿಯ ಹೊತ್ತು ಮುಳುಗಿ ದೀಪಗಳು ಹತ್ತಿದ್ದವು. ನಾನು ಕೋಣೆ ಹಿಡಿದಿದ್ದ ಮನೆಯ ಯಜಮಾನಿ ನಿವೃತ್ತ ಶಾಲಾ ಟೀಚರ್. ದಾರಿಯನ್ನು ಮೊದಲೇ ಬರೆದು ಕಳಿಸಿದ್ದರು: "8ನೇ ನಂಬರಿನ ಟ್ರಾಮ್ ಹಿಡಿಯಿರಿ. ನದಿ ದಾಟುವ ತನಕ ಇಳಿಯಬೇಡಿ. ಅಲ್ಲಿಯವರೆಗೆ ನೋಡುವಂಥದ್ದು ಏನೂ ಇಲ್ಲ." ನದಿ ದಾಟುವ ಮೊದಲು ಟ್ರಾಮ್ ಹಾದುಹೋಗುವ ದಡದಲ್ಲಿ ಕೆಂಪು ಮರಳುಗಲ್ಲಿನ ಕ್ಯಾಥೆಡ್ರಲ್ ಇದೆ, ಅದರೊಳಗೆ ಎರಾಸ್ಮಸ್‌ನ ಸಮಾಧಿ ಇದೆ, 1460ರಲ್ಲಿ ಶುರುವಾದ, ಸ್ವಿಟ್ಜರ್ಲೆಂಡಿನ ಅತ್ಯಂತ ಹಳೆಯ ವಿಶ್ವವಿದ್ಯಾಲಯ ಇದೆ. ಆದರೆ ಅವೆಲ್ಲ ಗ್ರೋಸ್‌ಬಾಸೆಲ್‌ಗೆ, ಅಂದರೆ ದೊಡ್ಡ ಬಾಸೆಲ್‌ಗೆ ಸೇರಿದವು. ಟೀಚರಮ್ಮನವರದು ಕ್ಲೈನ್‌ಬಾಸೆಲ್, ಚಿಕ್ಕ ಬಾಸೆಲ್.

ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿ ಮೂರೂ ಕೂಡುವ ಮೂಲೆಯಲ್ಲಿದೆ ಈ ಊರು. ಪಶ್ಚಿಮಕ್ಕೆ ಹರಿದು ಬಂದ ರೈನ್ ನದಿ ಇಲ್ಲಿ ಮಗ್ಗುಲು ಬದಲಿಸಿ ಉತ್ತರಕ್ಕೆ ಹೊರಡುತ್ತದೆ. ಎಡದಂಡೆಯ ಎತ್ತರದ ದಿಣ್ಣೆಯ ಮೇಲೆ ದೊಡ್ಡ ಬಾಸೆಲ್, ಬಲದಂಡೆಯ ಸಮತಟ್ಟಿನಲ್ಲಿ ಚಿಕ್ಕದು. ಮಧ್ಯೆ ಇರುವ ನೀರು ಇನ್ನೂರು ಮೀಟರ್ ಅಗಲ ಅಷ್ಟೇ. 1225ರ ಸುಮಾರಿಗೆ ಬಿಷಪ್ ಹೈನ್ರಿಖ್ ಫಾನ್ ಥೂನ್ ಇಲ್ಲಿ ಮೊದಲ ಸೇತುವೆ ಕಟ್ಟಿಸಿದ. ಬಲದಂಡೆಯಲ್ಲಿ ಬೆಳೆದ ಪಟ್ಟಣ ತನ್ನದೇ ಗೋಡೆ, ತನ್ನದೇ ಆಡಳಿತ ಇಟ್ಟುಕೊಂಡು ಬೇರೆ ಊರಾಗಿಯೇ ಇತ್ತು. ಬಿಷಪ್‌ಗಳಿಗೆ ಹಣದ ಮುಗ್ಗಟ್ಟು ಬಂದಾಗ ಅದನ್ನು ಆಸ್ಟ್ರಿಯದ ಡ್ಯೂಕನಿಗೆ ಒತ್ತೆ ಇಟ್ಟರು. ಆ ಡ್ಯೂಕ್, ಮೂರನೆಯ ಲಿಯೊಪೋಲ್ಡ್, 1386ರ ಸೆಂಪಾಖ್ ಯುದ್ಧದಲ್ಲಿ ಸತ್ತ. 1392ರಲ್ಲಿ ದೊಡ್ಡ ಬಾಸೆಲ್ ದುಡ್ಡು ತೆತ್ತು ಚಿಕ್ಕದನ್ನು ಕೊಂಡುಕೊಂಡಿತು. ಕ್ರಯಪತ್ರದ ಮೇಲೆ ಕೈಬದಲಾದ ಊರು ಅದು. ಇದನ್ನು ತಿಳಿಯದೆ ಅಲ್ಲಿನವರ ಕೀಟಲೆಗಳನ್ನು ಕೇಳಿದರೆ ಬರೀ ತಮಾಷೆಯಂತೆ ಕಾಣುತ್ತದೆ.

ಮರುದಿನ ಬೆಳಿಗ್ಗೆ ಟೀಚರಮ್ಮ ನನ್ನನ್ನು ಕರೆದುಕೊಂಡು ಹೋದದ್ದು ಮಿಟ್ಲೆರೆ ಬ್ರುಕೆಗೆ, ಅಂದರೆ ನಡುಸೇತುವೆಗೆ. ಹಳೆಯ ಸೇತುವೆಯ ಜಾಗದಲ್ಲಿ 1905ರ ಹೊತ್ತಿಗೆ ಎದ್ದ ಕಲ್ಲಿನ ಸೇತುವೆ ಇದು. ಅದರ ದೊಡ್ಡ ಬಾಸೆಲ್ ತುದಿಯಲ್ಲಿ ಒಂದು ಕಟ್ಟಡದ ಗೋಡೆಯತ್ತ ಬೆರಳು ತೋರಿಸಿದರು. ಕಿರೀಟ ಧರಿಸಿದ ರಾಜನ ತಲೆ, ಬಾಯಿಂದ ಹೊರಗೆ ಚಾಚಿದ ನಾಲಿಗೆ. ಲೆಲ್ಲೆಕ್ಯೋನಿಗ್, ನಾಲಿಗೆಯ ರಾಜ. ಇದು ಪ್ರತಿಕೃತಿ. ಮೂಲ ತಲೆ 17ನೇ ಶತಮಾನದ್ದು, ಸೇತುವೆಯ ಬಾಯಲ್ಲಿದ್ದ ಕೋಟೆಬಾಗಿಲಿನ ಗಡಿಯಾರಕ್ಕೆ ಜೋಡಿಸಿದ್ದು. ಗಡಿಯಾರದ ಯಂತ್ರ ತಿರುಗಿದಂತೆಲ್ಲ ರಾಜ ಕಣ್ಣು ಹೊರಳಿಸುತ್ತಿದ್ದ, ನಾಲಿಗೆ ಹೊರಗೆ ಹಾಕಿ ಒಳಗೆಳೆಯುತ್ತಿದ್ದ. ಆ ಬಾಗಿಲನ್ನು 1839ರಲ್ಲಿ ಕೆಡವಿದರು. ತಲೆ ಈಗ ಬಾರ್ಫ್ಯೂಸರ್ ಚರ್ಚಿನಲ್ಲಿರುವ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿಗೂ ಹೋಗಿ ನೋಡಿದೆ. ಗೋಡೆಯ ಮೇಲಿನದಕ್ಕಿಂತ ಅದರ ಮುಖದಲ್ಲಿ ತುಂಟತನ ಹೆಚ್ಚು.

"ಇನ್ನೂರು ವರ್ಷ ದಿನವಿಡೀ ನಮ್ಮನ್ನು ಅಣಕಿಸಿದ" ಎಂದರು ಟೀಚರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಹೆಮ್ಮೆ ಇತ್ತು. ಅಣಕಿಸಿಕೊಳ್ಳುವಷ್ಟು ದೊಡ್ಡವರು ನಾವು ಎಂಬ ಹೆಮ್ಮೆ.

ಮಧ್ಯಾಹ್ನ ಕ್ಯಾಥೆಡ್ರಲ್ ಹಿಂದಿನ ಫಾಲ್ಟ್ಸ್ ಎಂಬ ಜಗುಲಿಯ ಮೇಲೆ ನಿಂತೆ. ಕೆಳಗೆ ಕಡಿದಾದ ಗೋಡೆ, ಅದರ ಕೆಳಗೆ ನದಿ, ಎದುರಿಗೆ ಇಡೀ ಚಿಕ್ಕ ಬಾಸೆಲ್. ಗಮನಿಸಿದರೆ ಈ ದಡದ ಬುಡಕ್ಕೆ ನೆರಳು ಬಿದ್ದಿರುತ್ತದೆ, ಬಿಸಿಲೆಲ್ಲ ಆ ದಡದ ಮೆಟ್ಟಿಲುಗಳ ಮೇಲೆ. ಬೇಸಿಗೆಯಲ್ಲಿ ಊರಿಗೆ ಊರೇ ಅಲ್ಲಿ ಕೂರುತ್ತದಂತೆ. ಬಟ್ಟೆಬರೆಯನ್ನು ನೀರು ಸೋರದ ಚೀಲದಲ್ಲಿ ಕಟ್ಟಿಕೊಂಡು ಹೊಳೆಯ ಜೊತೆ ತೇಲುತ್ತಾ ಹೋಗುವವರೂ ಆ ದಡದಲ್ಲೇ ಇಳಿಯುತ್ತಾರೆ. ಇನ್ನು ನೋಟದ ವಿಷಯ. ಚಿಕ್ಕ ಬಾಸೆಲ್‌ನವರು ಕಿಟಕಿ ತೆರೆದರೆ ಕಾಣುವುದು ಕ್ಯಾಥೆಡ್ರಲ್‌ನ ಜೋಡಿ ಗೋಪುರ. ದೊಡ್ಡ ಬಾಸೆಲ್‌ನವರಿಗೆ ಕಾಣುವುದು ರೋಶ್ ಔಷಧ ಕಂಪನಿಯ ಮೆಟ್ಟಿಲು ಮೆಟ್ಟಿಲಾದ ಎರಡು ಬಿಳಿ ಕಟ್ಟಡಗಳು. 2015ರಲ್ಲಿ ಮುಗಿದದ್ದು 178 ಮೀಟರ್, 2022ರಲ್ಲಿ ಮುಗಿದದ್ದು 205 ಮೀಟರ್; ಇಡೀ ದೇಶದಲ್ಲೇ ಅವಕ್ಕಿಂತ ಎತ್ತರದ ಕಟ್ಟಡವಿಲ್ಲ. ಎದುರಾಳಿ ಕಂಪನಿ ನೊವಾರ್ಟಿಸ್‌ನ ಆವರಣ ಇರುವುದು ಎಡದಂಡೆಯ ಸಾಂಕ್ಟ್ ಯೋಹಾನ್‌ನಲ್ಲಿ. ಔಷಧದ ವ್ಯಾಪಾರದಲ್ಲೂ ದಡಕ್ಕೊಂದು!

ಫಾಲ್ಟ್ಸ್‌ನಿಂದ ಮೆಟ್ಟಿಲಿಳಿದರೆ ದೋಣಿಕಟ್ಟೆ. ಬಾಸೆಲ್‌ನಲ್ಲಿ ಇಂಥ ನಾಲ್ಕು ದೋಣಿಗಳಿವೆ. ಎಂಜಿನ್ ಇಲ್ಲ, ಹುಟ್ಟಿಲ್ಲ. ನದಿಗೆ ಅಡ್ಡಲಾಗಿ ಎಳೆದ ತಂತಿಹಗ್ಗಕ್ಕೆ ದೋಣಿಯನ್ನು ಕಟ್ಟಿರುತ್ತಾರೆ. ಚುಕ್ಕಾಣಿ ಓರೆ ಮಾಡಿದರೆ ನೀರಿನ ಸೆಳವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಮೊದಲ ದೋಣಿ ಹೊರಟದ್ದು 1854ರಲ್ಲಿ. ನಾನು ಹತ್ತಿದ್ದರ ಹೆಸರು ಲಾಯ್, ಸಿಂಹ. ಉಳಿದವು ವಿಲ್ಡ್ ಮಾ, ಫೋಗಲ್ ಗ್ರಿಫ್, ಊಯೆಲಿ. ನಾಲ್ಕೂ ಚಿಕ್ಕ ಬಾಸೆಲ್‌ನ ಹಬ್ಬದ ವೇಷಗಳ ಹೆಸರು. "ದೊಡ್ಡ ಬಾಸೆಲ್‌ನವರು ಒಪ್ಪಿಕೊಂಡರೇ?" ಎಂದು ಅಂಬಿಗನನ್ನು ಕೇಳಿದೆ. "ಒಪ್ಪದಿದ್ದರೆ ನಡೆದುಕೊಂಡು ಹೋಗಲಿ, ಸೇತುವೆ ಇದೆಯಲ್ಲ" ಎಂದ. ಅವನು ಹುಟ್ಟಿದ್ದು ಯಾವ ದಡದಲ್ಲಿ ಎಂದು ಕೇಳುವ ಅಗತ್ಯ ಉಳಿಯಲಿಲ್ಲ.

ನಾನು ಬಂದದ್ದೇ ಆ ಹಬ್ಬಕ್ಕಾಗಿ. ಅದರ ಹೆಸರೂ ಫೋಗಲ್ ಗ್ರಿಫ್. ಚಿಕ್ಕ ಬಾಸೆಲ್‌ನಲ್ಲಿ ಮೂರು ಹಳೆಯ ಸಂಘಗಳಿವೆ: ರೆಬ್‌ಹೌಸ್, ಹೇರೆನ್, ಗ್ರೈಫೆನ್. ಒಂದರ ಲಾಂಛನ ಸಿಂಹ, ಇನ್ನೊಂದರದು ಕಾಡುಮನುಷ್ಯ, ಮತ್ತೊಂದರದು ಹದ್ದಿನ ತಲೆ, ಸಿಂಹದ ಮೈ ಇರುವ ಗ್ರಿಫಿನ್. ಹಬ್ಬದ ಯಜಮಾನಿಕೆ ವರ್ಷಕ್ಕೊಂದು ಸಂಘಕ್ಕೆ, ದಿನಾಂಕವೂ ಅದರಂತೆ ಬದಲಾಗುತ್ತದೆ. ನಾನು ಹೋದ ವರ್ಷ ಹೇರೆನ್‌ನವರ ಸರದಿ, ಆದ್ದರಿಂದ ಜನವರಿ 20.

ಬೆಳಿಗ್ಗೆ ಹತ್ತಕ್ಕೆಲ್ಲ ಬಲದಂಡೆಯಲ್ಲಿ ಜನ ಸೇರಿದ್ದರು. ಅಪ್ಪಂದಿರ ಹೆಗಲ ಮೇಲೆ ಮಕ್ಕಳು, ತಳ್ಳುಕುರ್ಚಿಯಲ್ಲಿ ವೃದ್ಧರು. ಕೆಲಸಕ್ಕೆ ರಜೆ ಹಾಕಿ ಬಂದವರೂ ಇದ್ದರು. ಹೊಳೆಯ ಮೇಲಿನಿಂದ ಢಂ ಎಂದು ಪುಟ್ಟ ಫಿರಂಗಿಯ ಸದ್ದು, ಹಿಂದೆಯೇ ಡೋಲಿನ ಪೆಟ್ಟು. ಮಂಜಿನ ಮರೆಯಿಂದ ತೆಪ್ಪ ಹೊರಬಂತು. ಅದರ ಮೇಲೆ ಇಬ್ಬರು ಡೋಲಿನವರು, ಇಬ್ಬರು ಬಾವುಟ ಹಿಡಿದವರು, ಫಿರಂಗಿ ಹಾರಿಸುವವರು, ನಡುವೆ ವಿಲ್ಡ್ ಮಾ, ಅಂದರೆ ಕಾಡುಮನುಷ್ಯ. ಸೊಂಟಕ್ಕೂ ತಲೆಗೂ ಐವಿ ಬಳ್ಳಿ ಸುತ್ತಿ, ಅದಕ್ಕೆ ಸೇಬು ಸಿಕ್ಕಿಸಿಕೊಂಡು, ಬೇರುಸಮೇತ ಕಿತ್ತ ಫರ್ ಗಿಡವನ್ನು ಕೈಯಲ್ಲಿ ಹಿಡಿದು ಕುಣಿಯುತ್ತಿದ್ದ. ಬಾಗುತ್ತಿದ್ದ, ಗಿಡ ಬೀಸುತ್ತಿದ್ದ, ನೆಗೆಯುತ್ತಿದ್ದ. ತೆಪ್ಪ ಸೆಳವಿಗೆ ಸಿಕ್ಕಿ ಹೇಗೆ ಹೊರಳಿದರೂ ಅವನ ಮುಖ ಮಾತ್ರ ನಮ್ಮ ಕಡೆಗೇ. ದೊಡ್ಡ ಬಾಸೆಲ್‌ಗೆ ಅವನು ಕೊಟ್ಟದ್ದು ಬೆನ್ನು. ಹೊಳೆಯುದ್ದಕ್ಕೂ ಒಮ್ಮೆಯೂ ಅತ್ತ ತಿರುಗುವುದಿಲ್ಲ. ಇದೇ ನಿಯಮ.

"ನಾಲಿಗೆಗೆ ಉತ್ತರ" ಎಂದರು ಪಕ್ಕದಲ್ಲಿದ್ದ ಟೀಚರಮ್ಮ.

ಸೇತುವೆಯ ಕೆಳಗಿನ ಕ್ಲಿಂಗೆನ್‌ಟಾಲ್ ಬಳಿ ತೆಪ್ಪ ದಡ ಸೇರಿತು. ಸಿಂಹ, ಗ್ರಿಫಿನ್ ಎರಡೂ ಕಾದು ನಿಂತು ಅವನನ್ನು ಎದುರುಗೊಂಡವು. ಅಲ್ಲಿಂದ ಮೆರವಣಿಗೆ. ಡೋಲಿನ ಲಯ ವೇಷದಿಂದ ವೇಷಕ್ಕೆ ಬೇರೆ. ಸಿಂಹದ ಕುಣಿತಕ್ಕೆ ಒಂದು, ಗ್ರಿಫಿನ್‌ನ ಭಾರವಾದ ಹೆಜ್ಜೆಗೆ ಇನ್ನೊಂದು. ಮಂಗಳೂರಿನ ದಸರೆಯ ಹುಲಿವೇಷ ಕಂಡವರಿಗೆ ಇದು ಹೊಸತೆನಿಸಲಾರದು: ತಾಸೆಯ ಪೆಟ್ಟಿಗೆ ಬೀದಿಯೇ ರಂಗವಾಗಿ, ಮನೆಯಿಂದ ಮನೆಗೆ ಕುಣಿದು, ವೇಷದೊಳಗಿನ ಮನುಷ್ಯ ಆ ದಿನದ ಮಟ್ಟಿಗೆ ಊರಿಗೆಲ್ಲ ಬೇಕಾದವನಾಗುತ್ತಾನಲ್ಲ, ಹಾಗೆ. ಮಕ್ಕಳು ವಿಲ್ಡ್ ಮಾನ ಸೊಂಟದ ಸೇಬು ಕಸಿಯಲು ನುಗ್ಗುತ್ತಿದ್ದರು, ಅವನು ಗಿಡ ಬೀಸಿ ಚದುರಿಸುತ್ತಿದ್ದ. ಒಂದು ಸೇಬು ಸಿಕ್ಕ ಹುಡುಗಿ ಅದನ್ನು ತಿನ್ನಲಿಲ್ಲ, ಕೋಟಿನ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡಳು.

ಮಧ್ಯಾಹ್ನ ಹನ್ನೆರಡಕ್ಕೆ ಮುಖ್ಯ ಕುಣಿತ, ನಡುಸೇತುವೆಯ ಮಧ್ಯದ ಕೆಪೆಲಿಯೋಖ್ ಎಂಬ ಪುಟ್ಟ ಗುಡಿಯ ಮುಂದೆ. ಈಗ ಪ್ರೇಮಿಗಳು ಬೀಗ ಹಾಕಿ ಹೋಗುವ ಈ ಜಾಗದಿಂದಲೇ ಹಿಂದೆ ಶಿಕ್ಷೆಗೊಳಗಾದವರನ್ನು ಕೈಕಾಲು ಕಟ್ಟಿ ನದಿಗೆ ತಳ್ಳುತ್ತಿದ್ದರು. ಮೂರೂ ವೇಷಗಳು ಅಲ್ಲಿವರೆಗೆ ಬಂದು, ಚಿಕ್ಕ ಬಾಸೆಲ್ ಕಡೆಗೆ ಮುಖ ಮಾಡಿ ಕುಣಿದು, ಹಾಗೇ ಹಿಂದಿರುಗಿದವು. ಆಚೆ ಒಂದು ಹೆಜ್ಜೆಯೂ ಇಲ್ಲ. ನೋಡಲು ಬಂದವರಲ್ಲಿ ಅರ್ಧ ಜನ ದೊಡ್ಡ ಬಾಸೆಲ್ ಕಡೆಯಿಂದಲೇ ಸೇತುವೆ ಹತ್ತಿದ್ದರು. ಅವರಿಗೆ ಕಂಡದ್ದೆಲ್ಲ ಬೆನ್ನೇ. ಆದರೂ ಚಪ್ಪಾಳೆ ಜೋರಾಗಿ ಬಂದದ್ದು ಆ ಕಡೆಯಿಂದ.

ಇತಿಹಾಸಕಾರರು ಹೇಳುವುದು ಬೇರೆ. ಈ ಸಂಘಗಳಿಗೆ ಹಿಂದೆ ಕಾವಲಿನ ಹೊಣೆ ಇತ್ತು, ವರ್ಷಕ್ಕೊಮ್ಮೆ ಆಯುಧಗಳ ತಪಾಸಣೆ, ಕವಾಯತು ನಡೆಯುತ್ತಿತ್ತು. ಲಾಂಛನಗಳನ್ನು ಹೊತ್ತು ಬೀದಿ ಸುತ್ತುವ ರೂಢಿ ಅದರಿಂದ ಬೆಳೆಯಿತು. ನಾಲಿಗೆಗೂ ಬೆನ್ನಿಗೂ ಗಂಟು ಹಾಕಿದ್ದು ಜನರ ಬಾಯಿ. ಕಾಡುಮನುಷ್ಯ ಅತ್ತ ಬೆನ್ನು ಹಾಕುವುದಲ್ಲ, ಇತ್ತ ತನ್ನವರಿಗೆ ಮುಖ ಕೊಡುವುದು ಎಂದು ವಿವರಿಸುವವರೂ ಇದ್ದಾರೆ. ದಡದಲ್ಲಿ ನಿಂತು ನೋಡಿದ ನನಗೆ ಈ ಎರಡನೆಯ ಮಾತೇ ಸರಿಯೆನಿಸಿತು. ಕಾರ್ಖಾನೆ, ಕೂಲಿ, ವಲಸೆಯ ದಡ ಇದು. ಕ್ಯಾಥೆಡ್ರಲ್, ವಿಶ್ವವಿದ್ಯಾಲಯ, ಟೌನ್ ಹಾಲ್ ಎಲ್ಲ ಎದುರು ದಡಕ್ಕೆ ಹೋದವು. ಇಂಥ ಜನಕ್ಕೆ ವರ್ಷದಲ್ಲಿ ಒಂದು ದಿನ ಊರಿನ ಅತ್ಯಂತ ದೊಡ್ಡ ವೇಷ ತಮ್ಮ ಕಡೆಗಷ್ಟೇ ನೋಡುತ್ತದೆ ಎನ್ನುವುದು ಸಣ್ಣ ಮಾತಲ್ಲ. ಬಾಸೆಲ್‌ನ ಹೆಸರಾಂತ ಕಾರ್ನಿವಲ್ ಫಾಸ್ನಾಖ್ಟ್ ಇಡೀ ನಗರದ್ದು. ಫೋಗಲ್ ಗ್ರಿಫ್ ಈ ದಡದ್ದು ಮಾತ್ರ. ಒಂದೇ ಕೊರತೆ, ಈ ಸಂಘಗಳು ಪರಂಪರೆಯಿಂದ ಗಂಡಸರವು. ಸೇಬು ಗೆದ್ದ ಆ ಹುಡುಗಿ ಬೆಳೆದಾಗ ವೇಷವನ್ನೂ ಕಟ್ಟುವಂತಾಗಬೇಕು.

ಮಧ್ಯಾಹ್ನದ ನಂತರ ವೇಷಗಳು ಓಣಿ ಓಣಿ ಸುತ್ತಿದವು. ಹಳೆಯ ಮಠದ ಕಟ್ಟಡದಲ್ಲಿರುವ ಅನಾಥಾಲಯದ ಅಂಗಳದಲ್ಲಿ ಕುಣಿದವು. ಕತ್ತಲಾದ ಮೇಲೆ ಹೋಟೆಲುಗಳ ಒಳಗೂ ಡೋಲು ಹೊಕ್ಕಿತು. ಟರ್ಕಿಯವರ ಕಬಾಬ್ ಅಂಗಡಿಯ ಮುಂದೆ ಮಾಲೀಕ ಕೈಯಲ್ಲಿ ಚಾಕು ಹಿಡಿದುಕೊಂಡೇ ಬಾಗಿಲಿಗೆ ಬಂದು, ಡೋಲಿನ ಲಯಕ್ಕೆ ಕಾಲು ಹಾಕುತ್ತಿದ್ದ. "ನಾನು ಕ್ಲೈನ್‌ಬಾಸೆಲ್‌ನವನು" ಎಂದ, ನಾನು ಏನನ್ನೂ ಕೇಳುವ ಮೊದಲೇ.

ಹೋಗಬೇಕೆನ್ನುವವರಿಗೆ ಒಂದೆರಡು ಮಾತು. ರೆಬ್‌ಹೌಸ್‌ನ ಸರದಿಯಿದ್ದರೆ ಹಬ್ಬ ಜನವರಿ 13ಕ್ಕೆ, ಹೇರೆನ್‌ನದಾದರೆ 20ಕ್ಕೆ, ಗ್ರೈಫೆನ್‌ನದಾದರೆ 27ಕ್ಕೆ. ಆ ದಿನ ಭಾನುವಾರ ಬಿದ್ದರೆ ಹಿಂದಿನ ದಿನ ಶನಿವಾರವೇ ನಡೆಯುತ್ತದೆ. ಟಿಕೆಟ್ ತೆಗೆಯುವ ಮೊದಲು ಇದನ್ನು ನೋಡಿಕೊಳ್ಳಿ. ಬೆಳಿಗ್ಗೆ ಹತ್ತರೊಳಗೆ ಬಲದಂಡೆಯಲ್ಲಿ ನಿಲ್ಲಿ, ಎಡದಂಡೆಯಲ್ಲಿ ನಿಂತರೆ ಬೆನ್ನು ಮಾತ್ರ ಕಾಣುತ್ತದೆ. ಮೆರವಣಿಗೆಯ ಜೊತೆ ಊಯೆಲಿ ಎಂಬ ನಾಲ್ವರು ವಿದೂಷಕರು ಡಬ್ಬಿ ಅಲ್ಲಾಡಿಸುತ್ತ ಬರುತ್ತಾರೆ. ಅದರಲ್ಲಿ ಬೀಳುವ ಹಣವೆಲ್ಲ ಚಿಕ್ಕ ಬಾಸೆಲ್‌ನ ಬಡವರಿಗೆ ಹೋಗುತ್ತದೆ. ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಂಡು ಹೋಗಿ.